ಯಾರೂ ಕುಂಟದ ಸಾಲು

"ಕಾಗಕ್ಕಾ, ಇಟ್ಟಿಗೆ ಹೊತ್ತ ಕತ್ತೆಗಳ ಸಾಲು ಯಾವ ಕಡೆ ಹೋಯಿತು?" ಕವಲುದಾರಿಯಲ್ಲಿ ದಿಕ್ಕುಗೆಟ್ಟು ನಿಂತ ಕತ್ತೆ ಬೂದವ್ವ ಕೇಳಿದಳು.

"ಎಡಕ್ಕೆ. ಅಲ್ಲ ಕಣೇ, ನೀನು ಕುಂಟುತ್ತಾ ಬಂದೆಯಲ್ಲ!"

"ಮೆಲ್ಲಗೆ ಮಾತಾಡಕ್ಕಾ! ಕುಂಟಿದ್ದು ಕಂಡರೆ ಯಜಮಾನ ಹೇರು ಇಳಿಸಿ ದಾರಿಯಲ್ಲೇ ಬಿಟ್ಟು ಹೋಗುತ್ತಾನೆ. ಆಮೇಲೆ ಮೇವು ಹಾಕುವವರಾರು? ನಮ್ಮ ಸಾಲಿನಲ್ಲಿ ಯಾರೂ ಕುಂಟುವುದಿಲ್ಲ. ನಾನೊಬ್ಬಳೇ ಪಾಪಿ."

ಕಾಗೆ ನಕ್ಕಿತು. "ಮೇಲಿನಿಂದ ನೋಡುವವಳು ನಾನು. ಯಜಮಾನ ಬೀಡಿ ಹಚ್ಚಲು ಅತ್ತ ತಿರುಗಿದರೆ ಸಾಕು, ನಿಮ್ಮ ಸಾಲಿಗೆ ಸಾಲೇ ಒಂದೊಂದು ಕಾಲೆತ್ತಿ ನಿಲ್ಲುತ್ತದೆ. ನೋವು ಮುಚ್ಚಿಡಲು ಗಟ್ಟಿ ಕಾಲಿಗೆ ಭಾರ ಕೊಟ್ಟು ಅದನ್ನೂ ಕೆಡಿಸಿಕೊಳ್ಳುತ್ತೀರಿ. ಹತ್ತೂರು ಸುತ್ತಿದ್ದೇನೆ, ಇಂಥ ಜಾಣತನವನ್ನು ಮನುಷ್ಯರಲ್ಲಿ ಮಾತ್ರ ಕಂಡಿದ್ದೆ!"

ಬೂದವ್ವ ಎಡದಾರಿ ಹಿಡಿದು ಬೇಗಬೇಗ ಹೆಜ್ಜೆ ಹಾಕಿದಳು. ಹಾಗಾದರೆ ಸಾಲಿನ ಮುದಿ ಕತ್ತೆ ಬೋರಣ್ಣನೂ ಕುಂಟುತ್ತಾನೆಯೇ? ನಿನ್ನೆ ಏರಿನಲ್ಲಿ ಅವಳು ಜಾರಿದಾಗ ಭುಜ ಕೊಟ್ಟು ತಡೆದವನು ಅವನೇ. ಆ ಋಣ ಇನ್ನೂ ತೀರಿರಲಿಲ್ಲ.

ಅವಳು ಸಾಲು ಸೇರುವ ಹೊತ್ತಿಗೆ ಯಾರು ಕುಂಟುತ್ತಾರೆಂದು ಯಜಮಾನ ಒಂದೊಂದೇ ಕತ್ತೆಯನ್ನು ನಡೆಸಿ ನೋಡುತ್ತಿದ್ದ. ಸರದಿ ಬೋರಣ್ಣನದು. ಅವನ ಮಂಡಿ ಕುಸಿಯತೊಡಗಿತ್ತು. ಉಳಿದ ಕತ್ತೆಗಳು ನೆಟ್ಟಗೆ ನಿಂತು ಬೇರೆಲ್ಲೋ ನೋಡಿದವು.

"ದೂರ ಹೋಗೇ ಹುಚ್ಚಿ, ನಿನ್ನ ಕುಂಟೂ ಕಂಡುಬಿಡುತ್ತದೆ," ಎಂದು ತನ್ನತ್ತ ಹೊರಟ ಬೂದವ್ವನಿಗೆ ಬೋರಣ್ಣ ಪಿಸುಗುಟ್ಟಿದ.

"ಕಾಣಲಿ ಬಿಡಣ್ಣ," ಎಂದ ಬೂದವ್ವ ಯಜಮಾನನ ಕಣ್ಣೆದುರೇ ಕುಂಟುತ್ತ ಹೋಗಿ, ಬೋರಣ್ಣನ ಪಕ್ಕೆಗೆ ತನ್ನ ಭುಜ ಕೊಟ್ಟು ನಿಂತಳು.