ಚೌಕ ಜಾಲರಿಯ ಬಿಲ್ಲೆ

ಕಾರ್ಖಾನೆಯ ಚರಂಡಿಯ ಮೇಲೆ ಹೊಸದಾಗಿ ಹಾಸಿದ್ದ ಚೌಕದ ಉಕ್ಕಿನ ಜಾಲರಿ, ಕೆಳಗೆ ಮರಿ ಹಾಕಿದ್ದ ಹೆಗ್ಗಣಕ್ಕೆ ತನ್ನ ಬಿಲ್ಲೆ ತೋರಿಸಿ ಬೀಗಿತು. "ಓದು, ಮೂವತ್ತು-ನೂರು! ನನ್ನ ಮೇಲೆ ಲಾರಿಯೇ ಹೋಗಬಹುದು."

"ಹಾಗೆಂದರೇನು, ಸ್ವಾಮಿ?"

"ಅರ್ಥ ತಿಳಿಯುವುದು ನನ್ನನ್ನು ಹಾಸಿದ ಫಿಟ್ಟರನ ಕೆಲಸ. ಕಟ್ಟಿಕೊಂಡು ಮೆರೆಯುವುದು ನನ್ನದು."

"ನಾನು ಇಂಥ ಬಿಲ್ಲೆಗಳನ್ನು ಕಡಿದೇ ದೊಡ್ಡವಳಾದೆ. ಮೂವತ್ತು ಮಿಲಿಮೀಟರಿಗೊಂದು ದಪ್ಪ ಪಟ್ಟಿ, ಭಾರ ಹೊರುವುದು ಅದೇ. ನೂರಕ್ಕೊಂದು ಸಣ್ಣ ಸರಳು, ಅದು ಪಟ್ಟಿಗಳನ್ನು ಹಿಡಿದಿಡುತ್ತದೆ, ಅಷ್ಟೇ. ಚರಂಡಿಯ ಈ ಗೋಡೆಯಿಂದ ಆ ಗೋಡೆಗೆ ಪಟ್ಟಿ ಚಾಚಬೇಕು. ನಿಮ್ಮಲ್ಲಿ ಸರಳು ಚಾಚಿದೆ. ಫಿಟ್ಟರನನ್ನು ಕೂಗಿ, ಕಾಲು ಸುತ್ತು ತಿರುಗಿಸಲಿ."

"ನನಗೆ ನಾಲ್ಕು ಕಡೆಯೂ ಒಂದೇ ಅಳತೆ. ಹೇಗೆ ಮಲಗಿದರೂ ನಾನು ನಾನೇ!"

ಹೆಗ್ಗಣ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಚರಂಡಿಯ ಆ ತುದಿಗೆ ಸಾಗಿಸಿತು. ಊಟದ ಗಂಟೆಗೆ ಮೊದಲೇ ಲಾರಿ ಬಂತು. ಜಾಲರಿಯ ನಡು ಬಾಗಿ ಕೆಸರಿಗಿಳಿಯಿತು.

"ಬಿಲ್ಲೆಯಲ್ಲಿ ಸುಳ್ಳು ಬರೆದಿದ್ದಾರೆ!" ಎಂದು ಅದು ಗೋಳಾಡಿತು.

ಹೆಗ್ಗಣ ಬಿಲ್ಲೆಯ ಕೆಸರನ್ನು ಬಾಲದಿಂದ ಒರೆಸಿ ಓದಿತು. "ಬರೆದದ್ದು ನಿಜವೇ, ಸ್ವಾಮಿ. ನೀವು ಮಲಗಿದ್ದು ತಪ್ಪು. ಆದರೂ ನಡು ಬಾಗಿ ತೊಟ್ಟಿಲು ಚೆನ್ನಾಗಿ ಬಂದಿದೆ. ಮರಿಗಳನ್ನು ಕರೆತರಲೇ?"