ಹಲ್ಲಿಯ ಸಾಕ್ಷಿ

ಯಾರಾದರೂ ನಿಜ ನುಡಿದರೆ ಲೊಚಗುಟ್ಟುವುದು ಉಗ್ರಾಣದ ಗೋಡೆಯ ಮೇಲಿದ್ದ ಮುದಿ ಹಲ್ಲಿಯ ಕುಲಧರ್ಮ. ಅದು ಲೊಚಗುಟ್ಟಿದರೆ ಸಾಕು, ಇಲಿಗಳು 'ಕೃಷ್ಣ ಕೃಷ್ಣ' ಎಂದು ನೆಲ ತಟ್ಟಿ ಆ ಮಾತನ್ನು ನಂಬಿಬಿಡುತ್ತಿದ್ದವು.

ಕಾಣೆಯಾದ ಇಲಿಗಳ ಹೆಸರು ಹಿಡಿದು ಹಾಡು ಕಟ್ಟುತ್ತಿದ್ದ ಜೀರುಂಡೆಯ ಮೇಲೆ ಒಂದು ಸಂಜೆ ಕಾವಲಿನ ಬೆಕ್ಕು ಪಂಜವಿಟ್ಟಿತು.

"ನನ್ನ ತಪ್ಪೇನು ಸ್ವಾಮಿ?" ಎಂದಿತು ಜೀರುಂಡೆ.

"ಹಿಡಿಯುವುದಕ್ಕೆ ಅನುಮಾನ ಸಾಕು. ತಪ್ಪನ್ನು ಆಮೇಲೆ ಹುಡುಕುತ್ತೇವೆ."

"ನಾನು ಹಾಡಿದ್ದು ಸುಳ್ಳೇ? ಹಲ್ಲಿಯಜ್ಜನನ್ನೇ ಕೇಳಿ."

ಇಲಿಗಳೆಲ್ಲ ತಲೆಯೆತ್ತಿದವು. ಕಾಣೆಯಾದ ಇಲಿಗಳನ್ನು ಬೆಕ್ಕೇ ಒಂದೊಂದಾಗಿ ಕಚ್ಚಿಕೊಂಡು ಹೋಗಿದ್ದನ್ನು ಹಲ್ಲಿ ಗೋಡೆಯ ಮೇಲಿಂದ ಕಣ್ಣಾರೆ ಕಂಡಿತ್ತು. ಲೊಚಗುಟ್ಟಬೇಕೆಂದು ಬಾಯಿ ತೆರೆಯಿತು. ಅಷ್ಟರಲ್ಲಿ ಬೆಕ್ಕೂ ತಲೆಯೆತ್ತಿ ಅದನ್ನೇ ನೋಡಿತು. ಹಲ್ಲಿಗೆ ನಾಲಿಗೆ ಹೊರಳಲಿಲ್ಲ.

"ಕೇಳಿಸಿಕೊಂಡಿರಲ್ಲ," ಎಂದಿತು ಬೆಕ್ಕು. "ಈ ಉಗ್ರಾಣದಲ್ಲಿ ಯಾವ ಇಲಿಯೂ ಕಾಣೆಯಾಗಿಲ್ಲ."

ಅದರ ಕಣ್ಣು ಇನ್ನೂ ಗೋಡೆಯ ಮೇಲೆಯೇ ಇತ್ತು.

ಹಲ್ಲಿ ಲೊಚಗುಟ್ಟಿತು.

ಹೋದ ವಾರವಷ್ಟೇ ಮರಿಯನ್ನು ಕಳೆದುಕೊಂಡಿದ್ದ ತಾಯಿ ಇಲಿ ಎಲ್ಲರಿಗಿಂತ ಮೊದಲು ನೆಲ ತಟ್ಟಿ, 'ಕೃಷ್ಣ ಕೃಷ್ಣ' ಎಂದಿತು.