ಹಿತ್ತಾಳೆ ಬೋಲ್ಟಿನ ವಿಮಾನ

ಮಠದ ಮೂರನೆಯ ಕೋಣೆಯಲ್ಲಿ ಸೋಮವಾರ ಬೆಳಿಗ್ಗೆ ಇಬ್ಬರು ಶಿಷ್ಯರು ತಮ್ಮ ಚಾಪೆಗಳ ನಡುವೆ ಒಂದು ಪಂಚೆಯನ್ನು ಅಡ್ಡ ಕಟ್ಟಿಕೊಂಡರು. ಮಠದ ಇತಿಹಾಸದಲ್ಲಿ ಇಂಥದ್ದು ನಡೆದಿರಲಿಲ್ಲ. ಹಿರಿಯರು ಎರಡು ಸಲ ಸಭೆ ಸೇರಿದರು. ಪಂಚೆ ಹಳೆಯದು ಎಂಬುದಷ್ಟೇ ತೀರ್ಮಾನವಾಯಿತು.

ಕೊನೆಗೆ ಹಿರಿಯ ಶಿಷ್ಯ ಮರುಳಯ್ಯ ಗುರುಗಳ ಬಳಿ ಬಂದ.

"ಬುದ್ಧೀ, ಇಬ್ಬರೂ ಒಳ್ಳೆಯವರು. ಆದರೂ ಜೊತೆಗಿದ್ದು ಒಬ್ಬ ದಿನೇ ದಿನೇ ಸೊರಗುತ್ತಿದ್ದಾನೆ. ಮಠ ಬಿಟ್ಟು ಹೋಗುತ್ತೇನೆ ಅನ್ನುತ್ತಾನೆ. ನಾನು ಪ್ರತಿ ಸಂಜೆ ಇಬ್ಬರನ್ನೂ ಎದುರುಬದುರು ಕೂರಿಸಿ, ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಆಡಿಸಿ ಸರಿಮಾಡುತ್ತಿದ್ದೆ. ಈಗ ಪಂಚೆ ಬಂದಿದೆ. ಒಳ್ಳೆಯವರ ನಡುವೆ ಪರದೆ ಯಾಕೆ? ಬಿಚ್ಚಿಸಲೇ?"

ಗುರುಗಳು ಹೇಳಿದರು:

ಒಬ್ಬ ಮನುಷ್ಯ ತನ್ನ ಹಿತ್ತಲಿನಲ್ಲಿ ವಿಮಾನ ಕಟ್ಟಿದ. ಯಾಕೆಂದು ಅವನ ಹೆಂಡತಿಗೂ ತಿಳಿಯಲಿಲ್ಲ. ಮೈಗೆಲ್ಲ ಅಲ್ಯೂಮಿನಿಯಂ ತಗಡು ಹೊದಿಸಿದ. ಕಬ್ಬಿಣ ತುಕ್ಕು ಹಿಡಿಯುತ್ತದೆಂದು ರೆಕ್ಕೆಗೆ ಹಿತ್ತಾಳೆಯ ಬೋಲ್ಟು ಹಾಕಿದ. ಒಬ್ಬ ಮುದುಕ ಮೆಕ್ಯಾನಿಕ್ ಅದನ್ನು ನೋಡಿದ.

"ಇವೆರಡನ್ನೂ ಬರಿಮೈಯಲ್ಲಿ ಮುಟ್ಟಿಸಬೇಡಿ ಸ್ವಾಮಿ. ಒಂದು ಇನ್ನೊಂದನ್ನು ತಿನ್ನುತ್ತದೆ, ಹುಳಿ, ಉಪ್ಪು ನೀರು ತಾಗಿದರೆ ಇನ್ನೂ ಬೇಗ. ಹಿತ್ತಾಳೆ ತೆಗೆಯಿರಿ. ಆಗದಿದ್ದರೆ ನಡುವೆ ಬಣ್ಣ ಬಳಿದು, ಒದ್ದೆಯಾಗದ ಹಾಗೆ ಮುಚ್ಚಿ."

"ಎರಡೂ ಹೊಸತು, ಎರಡೂ ಅಪ್ಪಟ. ನಡುವೆ ಬಣ್ಣ ಯಾಕಪ್ಪಾ?" ಎಂದ ಆ ಮನುಷ್ಯ.

ಮುಂದೆ ಪ್ರತಿ ಶುಕ್ರವಾರ, ಪೂಜೆಯ ಪಾತ್ರೆಗಳ ಜೊತೆಗೆ ಬೋಲ್ಟುಗಳನ್ನೂ ಹುಣಸೆಹಣ್ಣು, ಉಪ್ಪು ಹಾಕಿ ಬೆಳಗಿದ. ಬೋಲ್ಟು ಹೊಳೆಯಿತು. ಸುತ್ತಲಿನ ತಗಡಿನಲ್ಲಿ ಬಿಳಿ ಪುಡಿ ಎದ್ದಿತು. ಕೊಳೆ ಎಂದುಕೊಂಡು ಇನ್ನಷ್ಟು ಹುಳಿ ಹಾಕಿ ಉಜ್ಜಿದ.

ಹಾರುವ ದಿನ ಹೆಂಡತಿಯನ್ನೂ ಕೂರಿಸಿಕೊಂಡ. ಹೊರಡುವ ಮೊದಲು ಮೆಕ್ಯಾನಿಕ್ ಬಂದು ರೆಕ್ಕೆಯನ್ನು ಒಮ್ಮೆ ಅಲುಗಾಡಿಸಿದ. ರೆಕ್ಕೆ ಕಳಚಿ ನೆಲಕ್ಕೆ ಬಿತ್ತು. ಬೋಲ್ಟುಗಳಿಗೆ ಏನೂ ಆಗಿರಲಿಲ್ಲ. ಅವುಗಳನ್ನು ಹಿಡಿದಿದ್ದ ತಗಡು ಇರಲಿಲ್ಲ.

ಹೆಂಡತಿ ಕೆಳಗಿಳಿದು, "ಒಂದು ವರ್ಷದ ಹುಣಸೆಹಣ್ಣು ಎಲ್ಲಿಗೆ ಹೋಯಿತು ಅಂತ ಈಗ ಗೊತ್ತಾಯಿತು" ಎಂದು ಒಳಗೆ ಹೋದಳು.

ಗುರುಗಳು ನಿಲ್ಲಿಸಿದರು. ಮರುಳಯ್ಯನಿಗೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು.

"ಸೊರಗಿದವನು ತಗಡು ಅಂದುಕೊಳ್ಳೋಣ ಬುದ್ಧೀ. ಹಾಗಾದರೆ ಇನ್ನೊಬ್ಬ ಹಿತ್ತಾಳೆ. ಆದರೆ ಹಿತ್ತಾಳೆಯದೂ ತಪ್ಪಿಲ್ಲವಲ್ಲ?"

"ಅವರಿಬ್ಬರೂ ಇರಲಿ ಮರುಳಯ್ಯ, ಹುಣಸೆಹಣ್ಣು ಯಾರು?"

ಅಂದು ಸಂಜೆ ಮರುಳಯ್ಯ ಇಬ್ಬರನ್ನೂ ಎದುರುಬದುರು ಕೂರಿಸಲಿಲ್ಲ.

ಪಂಚೆ ಅಲ್ಲೇ ಇದೆ. ಸೊರಗಿದ್ದವನು ಮಠ ಬಿಟ್ಟು ಹೋಗಲಿಲ್ಲ.